ಬೆಟ್ಟದ ಗೋಸುಂಬೆ ಬೆಳಗ್ಗೆ ಕಪ್ಪಗಿರುವುದೇಕೆ

ಏಯ್ ಇಂಚೂ, ಆ ಕೋಲು ಕೆಳಗಿಡು. ಇಡು ಅಂದೆನಲ್ಲ!

ಏನು, ಸತ್ತುಹೋಗಿದೆಯಾ? ಯಾರು ಹೇಳಿದ್ದು ನಿನಗೆ? ನಿನ್ನೆ ಸಂಜೆ ಎಲೆ ಹಸಿರು ಬಣ್ಣ ಇತ್ತು, ಈಗ ನೋಡಿದರೆ ಇದ್ದಿಲಿನ ಹಾಗೆ ಕಪ್ಪಗೆ ಕೂತಿದೆ, ಅಲುಗಾಡುತ್ತಿಲ್ಲ, ಆದ್ದರಿಂದ ಸತ್ತಿದೆ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಾ? ಭಾರೀ ಡಾಕ್ಟರಮ್ಮ ಕಣೇ ನೀನು. ಆ ಗೋಸುಂಬೆ ನಿನಗಿಂತ ಚೆನ್ನಾಗಿದೆ. ಅದಕ್ಕೆ ಈಗ ಕೆಲಸ ಇದೆ, ಅದರ ಪಾಡಿಗೆ ಅದು ಕೆಲಸ ಮಾಡುತ್ತಿದೆ.

ಗೊತ್ತು, ಗೊತ್ತು. ತೋಟದ ಗಿಚೂಕಿ ಮಾಮ ಇವತ್ತು ಬೇಲಿ ಕತ್ತರಿಸಬೇಕು, ಅದಕ್ಕೇ ಅದನ್ನು ಓಡಿಸು ಅಂತ ನಿನ್ನನ್ನು ಕಳಿಸಿದ್ದಾನೆ. ಆಳು ಬಾಗಿಲೆತ್ತರ ಇದ್ದಾನೆ, ಗೋಸುಂಬೆ ಕಂಡರೆ ಮಾತ್ರ ನಡುಗಿಬಿಡುತ್ತಾನೆ. ಅವನಿನ್ನೂ ಹಿತ್ತಲಲ್ಲಿ ಕತ್ತರಿ ಮಸೆಯುತ್ತಿದ್ದಾನೆ, ಸದ್ದು ಕೇಳಿಸುತ್ತಿಲ್ಲವಾ? ಅವನು ಬರುವಷ್ಟರಲ್ಲಿ ನಾನು ಹೇಳಿ ಮುಗಿಸುತ್ತೇನೆ. ಬಾ, ನನ್ನ ಶಾಲಿನೊಳಗೆ ಬಾ. ಅಯ್ಯೋ, ಕೈ ಎಷ್ಟು ತಣ್ಣಗಿದೆ! ಈ ಟೀ ಲೋಟ ಹಿಡಿದುಕೋ, ಸುಡುತ್ತೆ, ಕುಡಿಯಬೇಡ, ಸುಮ್ಮನೆ ಹಿಡಿದುಕೋ.

ನಿಮ್ಮ ತಾತ ಇಲ್ಲಿನ ಟೀ ಕಾರ್ಖಾನೆಯ ಮಿಷನ್ ನೋಡಿಕೊಳ್ಳೋಕೆ ಅಂತ ಬಂದಾಗ ನಾನೂ ಜೊತೆಗೆ ಬಂದೆ. ಆಫ್ರಿಕಾ ಅಂದರೆ ಬರೀ ಬಿಸಿಲು, ಅದಕ್ಕೆ ಸ್ವೆಟರ್ ಯಾಕೆ ಅಂತ ಎಲ್ಲ ಊರಲ್ಲೇ ಬಿಟ್ಟು ಬಂದಿದ್ದೆ. ಮೊದಲ ದಿನ ಬೆಳಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ ಮಂಜು! ಆವತ್ತು ಈ ಬೇಲಿಯ ತುದಿಯಲ್ಲಿ ಇಂಥದ್ದೇ ಒಂದು ಕಪ್ಪು ಗೋಸುಂಬೆ ಕೂತಿತ್ತು. ನಾನು ಚಳಿಗೆ ಹಲ್ಲು ಕಟಕಟಿಸುತ್ತಾ ಅದನ್ನು ನೋಡಿದೆ, ಅದು ಒಂದು ಕಣ್ಣಲ್ಲಿ ನನ್ನನ್ನು ನೋಡಿತು. ಇಲ್ಲಿಯವರು ಗೋಸುಂಬೆಗೆ ಕಿನ್ಯೋಂಗ ಅನ್ನುತ್ತಾರೆ. ನಾನು ಅದನ್ನು ನ್ಯೋಂಗಿ ಅಂತ ಕರೆದೆ. ಈ ಕತೆಯಲ್ಲಿ ಬರುವವಳ ಹೆಸರೂ ಅದೇ.

ಈಗ ಕೇಳು.

ಲೋಕ ಆಗಷ್ಟೇ ಒಲೆಯಿಂದ ಇಳಿದಿತ್ತು. ಬೆಟ್ಟಗಳ ಮೈ ಇನ್ನೂ ಆರಿರಲಿಲ್ಲ. ಅಗೋ, ಮೋಡದ ಹಿಂದೆ ಬಿಳಿ ಟೋಪಿ ಹಾಕಿಕೊಂಡು ನಿಂತಿದೆಯಲ್ಲ ನಮ್ಮ ದೊಡ್ಡ ಬೆಟ್ಟ, ಅದಕ್ಕೆ ಆಗ ಟೋಪಿ ಇರಲಿಲ್ಲ. ತಲೆಯಿಂದ ಹೊಗೆ ಬರುತ್ತಿತ್ತು, ಹೊಟ್ಟೆಯೊಳಗೆ ಬೆಂಕಿ ಗುಡುಗುಡು ಅನ್ನುತ್ತಿತ್ತು. ಮಣ್ಣು ಮುಟ್ಟಿದರೆ ಬೆಚ್ಚಗೆ, ಈಗ ತಾನೇ ಎದ್ದುಹೋದವರ ಹಾಸಿಗೆಯ ಹಾಗೆ.

ಕೆಳಗಿನ ಬಯಲಿನಿಂದ ಗೋಸುಂಬೆಗಳು ಈ ಬೆಟ್ಟಕ್ಕೆ ಹತ್ತಿ ಬಂದವು. ಯಾಕೆ ಬಂದವು ಅಂದರೆ ನೊಣಕ್ಕೆ. ಇಲ್ಲಿ ದಪ್ಪ ದಪ್ಪ ನೊಣ, ಹೂವಿನ ಪೊದೆ, ಕುಡಿಯೋಕೆ ಎಲೆ ಮೇಲೆ ನೀರು. ಇನ್ನೇನು ಬೇಕು? ಬಂದು ಸಂಸಾರ ಹೂಡಿದವು.

ಬರುವಾಗ ತಮ್ಮ ಪದ್ಧತಿಯನ್ನೂ ಗಂಟುಕಟ್ಟಿಕೊಂಡು ಬಂದಿದ್ದವು. ಗೋಸುಂಬೆ ತಾಯಿ ಮೊಟ್ಟೆ ಇಡುವ ಹೊತ್ತಿಗೆ ಪೊದೆಯಿಂದ ಇಳಿದು, ಮಣ್ಣು ಕೆದಕಿ ಗುಂಡಿ ಮಾಡಬೇಕು. ಮೊಟ್ಟೆ ಇಡಬೇಕು. ಆಮೇಲೆ ಮುಚ್ಚು, ತಟ್ಟು, ನಡಿ. ಹಿಂದೆ ತಿರುಗಿ ನೋಡಬೇಡ.

ಅಷ್ಟೇ. ಹಿಂದೆ ತಿರುಗಿ ನೋಡಿದರೆ ಮೊಟ್ಟೆಗೆ ದೃಷ್ಟಿಯಾಗುತ್ತದೆ ಅಂತ ಅವರ ನಂಬಿಕೆ. ಮಣ್ಣು ಬೆಚ್ಚಗಿತ್ತು, ಮಿಕ್ಕಿದ್ದನ್ನು ಅದು ನೋಡಿಕೊಳ್ಳುತ್ತಿತ್ತು. ಎಷ್ಟೋ ದಿನದ ಮೇಲೆ ಮರಿಗಳು ಮಣ್ಣು ತಳ್ಳಿ ಮೇಲೆ ಬರುತ್ತಿದ್ದವು, ಮೈ ಒದರಿಕೊಂಡು ಸಿಕ್ಕ ಪೊದೆ ಹತ್ತುತ್ತಿದ್ದವು. ಯಾರ ಮರಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಎದುರಿಗೆ ಸಿಕ್ಕರೂ ತಾಯಿ ಮಗಳು ಅಪರಿಚಿತರ ಹಾಗೆ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದರು. ನಾನಾಗಿದ್ದರೆ ಹಾಗೆ ದಾಟಿ ಹೋಗುತ್ತಿರಲಿಲ್ಲ. ಆದರೆ ಅವರಿಗೆ ಅದೇ ಅಭ್ಯಾಸ.

ಕಾಲ ಕಳೆಯಿತು. ಬೆಟ್ಟಕ್ಕೆ ವಯಸ್ಸಾಯಿತು. ಒಂದು ದಿನ ದೊಡ್ಡದಾಗಿ ಆಕಳಿಸಿತು, ಹೊಗೆ ನಿಲ್ಲಿಸಿತು, ಕಣ್ಣು ಮುಚ್ಚಿತು. ಹೊಟ್ಟೆಯೊಳಗಿನ ಬೆಂಕಿ ಮೆಲ್ಲಗೆ ಮೆಲ್ಲಗೆ ಆರಿತು. ತಲೆ ಮೇಲೆ ಹಿಮ ಬಂದು ಕೂತಿತು. ಮಣ್ಣು ತಣ್ಣಗಾಯಿತು.

ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು ಹೇಳು? ಗೋಸುಂಬೆಗಳು ಇರುವುದು ಪೊದೆ ಮೇಲೆ. ಮಣ್ಣಿಗೆ ಇಳಿಯುವುದು ಮೊಟ್ಟೆ ಇಡುವಾಗ ಮಾತ್ರ. ಆಗಲೂ ಮುಚ್ಚು, ತಟ್ಟು, ನಡಿ. ಹಿಂದೆ ತಿರುಗಿ ನೋಡಬೇಡ.

ಪೊದೆಗಳಲ್ಲಿ ಮರಿಗಳು ಕಡಿಮೆಯಾದವು. ಆಮೇಲೆ ಇನ್ನೂ ಕಡಿಮೆಯಾದವು. ಮುದುಕಿಯರು ಬಿಸಿಲಿಗೆ ಕೂತು ಏನು ಮಾತಾಡಿಕೊಂಡರು ಗೊತ್ತಾ? "ಈಗಿನ ಕಾಲದ ಮಕ್ಕಳಿಗೆ ನಮ್ಮ ಪೊದೆ ಸೇರುವುದಿಲ್ಲ ಕಣ್ರೀ. ಎಲ್ಲ ಆಚೆ ಗುಡ್ಡಕ್ಕೆ ಹೋಗಿಬಿಡುತ್ತವೆ." ಹೀಗೆ ಅಂದುಕೊಂಡು ನೊಣ ತಿಂದು ಆರಾಮಾಗಿದ್ದರು.

ಆ ಕಾಲದಲ್ಲೇ ನಮ್ಮ ನ್ಯೋಂಗಿ ಮೊದಲ ಸಲ ಮೊಟ್ಟೆ ಇಡೋಕೆ ಇಳಿದಳು. ಚಿಕ್ಕವಳು. ಮೂಗಿನ ಮೇಲೆ ಪುಟ್ಟ ಕೊಂಬು, ತಲೆ ಮೇಲೆ ಶಿರಸ್ತ್ರಾಣದ ಹಾಗೆ ಪುಟ್ಟ ಉಬ್ಬು. ಎಲ್ಲವನ್ನೂ ಪದ್ಧತಿ ಪ್ರಕಾರವೇ ಮಾಡಿದಳು. ಗುಂಡಿ ತೋಡಿದಳು, ಮೊಟ್ಟೆ ಇಟ್ಟಳು, ಮುಚ್ಚಿದಳು, ತಟ್ಟಿದಳು, ನಡೆದಳು.

ಆದರೆ ಪುಟ್ಟೀ, ಗೋಸುಂಬೆಯ ಕಣ್ಣು ನಿನಗೆ ಗೊತ್ತಲ್ಲ. ಒಂದು ಇತ್ತ ತಿರುಗಿದರೆ ಇನ್ನೊಂದು ಅತ್ತ. ಬೇರೆಯವರೆಲ್ಲ ಹೋಗುವಾಗ ಎರಡನ್ನೂ ಬಿಗಿಯಾಗಿ ಮುಂದಕ್ಕೆ ಹಿಡಿದುಕೊಂಡು ಹೋಗುತ್ತಿದ್ದರು. ನ್ಯೋಂಗಿ ಕೂಡ ಹಿಡಿದುಕೊಂಡಿದ್ದಳು. ಎಲ್ಲೋ ಒಂದು ಹೆಜ್ಜೆ ಎಡವಿದಳು, ಅಷ್ಟೇ, ಒಂದು ಕಣ್ಣು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಉರುಳಿಬಿಟ್ಟಿತು.

ನೋಡಿದಳು. ತಾನು ಈಗಷ್ಟೇ ತಟ್ಟಿ ಬಂದ ಮಣ್ಣಿನ ಮೇಲೆ ಬೆಳ್ಳಗೆ ಏನೋ ಹರಡುತ್ತಿತ್ತು. ಮಂಜು ಹೆಪ್ಪುಗಟ್ಟುತ್ತಿತ್ತು.

ಅವಳ ಕಾಲು ಮುಂದೆ ಹೋಗಲಿಲ್ಲ. ವಾಪಸ್ ಬಂದು ಮಣ್ಣಿನ ಮೇಲೆ ಕೈಯಿಟ್ಟಳು. ಕೈ ಜುಮ್ ಅಂದಿತು. "ಇಷ್ಟು ಚಳಿಯಲ್ಲಿ ನನ್ನ ಕಂದಮ್ಮಗಳು ಹೇಗೆ ಮಲಗಿಯಾವು?" ಅಂತ ಪಕ್ಕದ ಪೊದೆಯಲ್ಲೇ ಕಾವಲು ಕೂತಳು. ಮಳೆ ಬಂತು, ಮಳೆ ಹೋಯಿತು. ಹುಲ್ಲು ಬೆಳೆಯಿತು, ಹುಲ್ಲು ಒಣಗಿತು. ಮಣ್ಣು ಅಲುಗಲಿಲ್ಲ. ಕೊನೆಗೆ ತಡೆಯಲಾರದೆ ಕೆದಕಿ ನೋಡಿದಳು. ಮೊಟ್ಟೆಗಳು ಹೊಳೆಯ ಕಲ್ಲಿನ ಹಾಗೆ ತಣ್ಣಗಿದ್ದವು. ಒಂದರಲ್ಲೂ ಜೀವ ಇರಲಿಲ್ಲ.

ನ್ಯೋಂಗಿ ಅತ್ತಳು. ಗೋಸುಂಬೆ ಅಳುತ್ತಾ ಅಂತ ಕೇಳಬೇಡ. ತಾಯಿ ಅಂದಮೇಲೆ ಅಳುತ್ತಾಳೆ.

ಅಳು ಮುಗಿಸಿ ಪಕ್ಕದ ಗುಂಡಿ ಕೆದಕಿದಳು. ಅದರಲ್ಲೂ ಹಾಗೇ. ಅದರಾಚೆಯದು, ಬಂಡೆ ಪಕ್ಕದ್ದು, ಹೊಳೆದಂಡೆಯದು. ಎಲ್ಲೆಲ್ಲೂ ತಣ್ಣನೆಯ ಮೊಟ್ಟೆಗಳು. ಮಕ್ಕಳು ಆಚೆ ಗುಡ್ಡಕ್ಕೆ ಹೋಗಿರಲಿಲ್ಲ ಪುಟ್ಟೀ. ಹುಟ್ಟೇ ಇರಲಿಲ್ಲ.

ಓಡಿಹೋಗಿ ಎಲ್ಲರಿಗೂ ಹೇಳಿದಳು. ಗೋಸುಂಬೆ ಓಡುವುದು ಅಂದರೆ ಗೊತ್ತಲ್ಲ, ಬೆಳಗ್ಗೆ ಹೊರಟವಳು ಮಧ್ಯಾಹ್ನಕ್ಕೆ ತಲುಪಿದಳು. ಅಲ್ಲಿ ಕೊಂಬಜ್ಜಿ ಕೂತಿದ್ದಳು. ಅವಳೇ ಎಲ್ಲರಿಗಿಂತ ಹಿರಿಯಳು, ಅವಳ ಕೊಂಬೇ ಎಲ್ಲರ ಕೊಂಬಿಗಿಂತ ಉದ್ದ, ನಾಲಿಗೆಯಂತೂ ಕೇಳಲೇಬೇಡ.

"ಹಿಂದೆ ತಿರುಗಿ ನೋಡಿದೆಯಾ?" ಅಂತ ಕೊಂಬಜ್ಜಿ ಸಿಟ್ಟಿಗೆ ಹಳದಿಯಾದಳು. "ನಿನ್ನ ಕಣ್ಣು ಬಿದ್ದೇ ಮೊಟ್ಟೆ ಕೆಟ್ಟಿದ್ದು! ಎಂಥ ಹೆಣ್ಣೇ ನೀನು? ಒಂದು ಕಣ್ಣನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳೋಕೆ ಬರಲಿಲ್ಲವೇ ನಿನಗೆ?"

ನ್ಯೋಂಗಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ನನ್ನ ಮೊಟ್ಟೆಗೆ ನನ್ನ ದೃಷ್ಟಿ ತಾಗಿತು, ಆಯಿತು ಅಜ್ಜೀ. ನಿಮ್ಮ ಮೊಟ್ಟೆಯನ್ನು ಯಾರು ನೋಡಿದ್ದರು? ಬಂಡೆ ಪಕ್ಕದಲ್ಲಿರೋದು ನಿಮ್ಮದೇ ಅಲ್ಲವಾ?"

ಕೊಂಬಜ್ಜಿಯ ಹಳದಿ ಬಣ್ಣ ಇಳಿದುಹೋಯಿತು. ಎಲೆಗಳ ಹಿಂದೆ ಹೋಗಿ ಕೂತಳು.

ನ್ಯೋಂಗಿಯ ಹೊಟ್ಟೆಯಲ್ಲಿ ಮತ್ತೆ ಮೊಟ್ಟೆಗಳು ತುಂಬಿಕೊಂಡವು. ಈ ಸಲ ಅವಳಿಗೆ ಭಯ. ಮೊಟ್ಟೆ ಇಡೋ ದಿನ ಹತ್ತಿರ ಬರುತ್ತಿದೆ, ಇಡೋಕೆ ಬೆಚ್ಚನೆಯ ಜಾಗ ಎಲ್ಲೂ ಇಲ್ಲ.

ಬೆಟ್ಟವನ್ನು ಕೇಳಿದಳು. "ಬೆಟ್ಟದಪ್ಪಾ, ಬೆಟ್ಟದಪ್ಪಾ, ಸ್ವಲ್ಪ ಬೆಂಕಿ ಉಳಿದಿದೆಯಾ? ನನ್ನ ಮಕ್ಕಳಿಗೆ."

ಬೆಟ್ಟ ಅರ್ಧ ಕಣ್ಣು ತೆರೆಯಿತು. "ನನಗೇ ಚಳಿ ಮಗಳೇ. ತಲೆ ಮೇಲೆ ಹಿಮ ನೋಡು. ಹಗಲು ಸೂರ್ಯಪ್ಪ ಕೊಟ್ಟ ಚೂರುಪಾರು ಬಿಸಿಯೂ ಸಂಜೆಗೆ ಸೋರಿಹೋಗುತ್ತೆ." ಹಾಗೆ ಹೇಳಿ ಮತ್ತೆ ನಿದ್ದೆ ಹೋಯಿತು.

ಹೊಳೆಯನ್ನು ಕೇಳಿದಳು. "ಹೊಳೆಯಮ್ಮಾ, ಹೊಳೆಯಮ್ಮಾ, ನಿನ್ನ ದಂಡೆಯಲ್ಲಿ ಬೆಚ್ಚನೆಯ ಮರಳಿದೆಯಾ? ನನ್ನ ಮಕ್ಕಳಿಗೆ."

"ಹಿಮ ಕರಗಿಯೇ ನಾನು ಹುಟ್ಟಿದ್ದು, ನನ್ನಲ್ಲೆಲ್ಲಿ ಬಿಸಿ?" ಅಂದಳು ಹೊಳೆ. "ಕೆಳಗೆ ಬಯಲಿಗೆ ಹೋಗುತ್ತಿದ್ದೇನೆ, ಅಲ್ಲಿ ಬೆಚ್ಚಗಿದೆಯಂತೆ. ಬರುತ್ತೀಯಾ?" ಉತ್ತರಕ್ಕೂ ಕಾಯದೆ ಓಡಿಬಿಟ್ಟಳು. ನ್ಯೋಂಗಿ ತನ್ನ ಹೊಟ್ಟೆ ನೋಡಿಕೊಂಡಳು, ತನ್ನ ಕಾಲು ನೋಡಿಕೊಂಡಳು. ಅಷ್ಟು ದೂರ ತನ್ನ ನಡಿಗೆಯಲ್ಲಿ ಹೋಗಿ ಸೇರುವ ಮಾತೇ ಇಲ್ಲ.

ಆಮೇಲೆ ಸೂರ್ಯಪ್ಪನನ್ನು ಕೇಳಿದಳು. ಅವನು ಈ ಬೆಟ್ಟದ ಮೇಲೆ ಎಷ್ಟು ಹೊತ್ತು ಕಾಣಿಸುತ್ತಾನೆ ಅಂತ ನೋಡಿದ್ದೀಯಲ್ಲ. ಬೆಳಗ್ಗೆ ಒಂಚೂರು ಮುಖ ತೋರಿಸುತ್ತಾನೆ, ಅಷ್ಟರಲ್ಲಿ ಮೋಡ ಬಂದು ಪರದೆ ಎಳೆಯುತ್ತೆ. ಆ ಒಂಚೂರು ಹೊತ್ತಲ್ಲೇ ನ್ಯೋಂಗಿ ಕೂಗಿದಳು. "ಸೂರ್ಯಪ್ಪಾ, ಸೂರ್ಯಪ್ಪಾ, ಸ್ವಲ್ಪ ಬಿಸಿ ಕೊಡುತ್ತೀಯಾ? ನನ್ನ ಮಕ್ಕಳಿಗೆ."

ಸೂರ್ಯಪ್ಪ ನೊಂದುಕೊಂಡ. "ನಾನು ಯಾವತ್ತು ಇಲ್ಲ ಅಂದೆನಮ್ಮಾ? ದಿನಾ ಬರುತ್ತೇನೆ, ಎಲೆ ಎಲೆಗೂ ಕೊಡುತ್ತೇನೆ. ನೀವು ಮಕ್ಕಳನ್ನು ಕತ್ತಲೆಯಲ್ಲಿ ಹೂತಿಟ್ಟು ಬಿಸಿ ಕೊಡು ಅಂದರೆ ನಾನು ಮಣ್ಣಿನೊಳಗೆ ಹೇಗೆ ಬರಲಿ? ಅವರನ್ನು ನಾನಿರುವ ಕಡೆ ಕರೆದುಕೊಂಡು ಬಾ."

"ತೆರೆದ ಜಾಗದಲ್ಲಿ ಇಟ್ಟರೆ ಇರುವೆ ತಿನ್ನುತ್ತೆ, ಹಕ್ಕಿ ತಿನ್ನುತ್ತೆ. ನಿನಗೆ ಕಾಣಬೇಕು, ಹಕ್ಕಿಗೆ ಕಾಣಬಾರದು. ಅಂಥ ಜಾಗ ಎಲ್ಲಿದೆ ಸೂರ್ಯಪ್ಪಾ?"

"ಅದು ನನಗೆ ಗೊತ್ತಿಲ್ಲ ತಾಯೀ. ನನಗೆ ಬರೋದು ಬಿಸಿಲು ಸುರಿಸುವುದೊಂದೇ," ಅಂದ ಸೂರ್ಯಪ್ಪ. ಅಷ್ಟರಲ್ಲಿ ಮೋಡ ಪರದೆ ಎಳೆಯಿತು.

ನ್ಯೋಂಗಿ ಕೂತು ಯೋಚನೆ ಮಾಡಿದಳು. ಒಂದು ಕಣ್ಣಲ್ಲಿ ಮಣ್ಣು ನೋಡಿದಳು, ಇನ್ನೊಂದು ಕಣ್ಣಲ್ಲಿ ತನ್ನ ಹೊಟ್ಟೆ ನೋಡಿದಳು. ಮಣ್ಣು ನೋಡಿದಳು, ಹೊಟ್ಟೆ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಳು. "ಮೊಟ್ಟೆ ಇಡಲೇಬೇಕು ಅಂತ ಯಾರು ಹೇಳಿದ್ದು? ನಾನು ಇಡುವುದಿಲ್ಲ. ನಾನು ಎಲ್ಲಿ ಹೋಗುತ್ತೇನೋ ಅಲ್ಲಿಗೆ ನನ್ನ ಮಕ್ಕಳೂ ಬರಲಿ."

ಮೊಟ್ಟೆ ಇಡೋ ದಿನ ಬಂತು. ಬೇರೆಯವರೆಲ್ಲ ಕೆಳಗಿಳಿದು ಮಣ್ಣು ಕೆದಕಿದರು. ನ್ಯೋಂಗಿ ಇಳಿಯಲಿಲ್ಲ, ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು. ನಿನ್ನ ಹೊಟ್ಟೆ ಒಡೆಯುತ್ತೆ ಅಂದರು. ಊರಿಗಿಲ್ಲದ ಹೊಸ ಸಂಪ್ರದಾಯ ಇವಳದು ಅಂದರು. ಅವಳು ಕೊಂಬೆ ಬಿಡಲಿಲ್ಲ.

ಆದರೆ ಅಷ್ಟಕ್ಕೇ ಕಷ್ಟ ಮುಗಿಯಲಿಲ್ಲ. ರಾತ್ರಿಯ ಚಳಿ ಅವಳ ಮೈಯನ್ನೂ ಬಿಡಲಿಲ್ಲ. ಗೋಸುಂಬೆಯ ಮೈಯಲ್ಲಿ ನಮ್ಮ ಹಾಗೆ ತನ್ನದೇ ಬಿಸಿ ಇರುವುದಿಲ್ಲ, ಹೊರಗಿನಿಂದಲೇ ತೆಗೆದುಕೊಳ್ಳಬೇಕು. ಬೆಳಗಾಗುವಷ್ಟರಲ್ಲಿ ಅವಳು ಕಟ್ಟಿಗೆಯ ಹಾಗೆ ಸೆಟೆದುಕೊಂಡಿರುತ್ತಿದ್ದಳು. ಹೊಟ್ಟೆಯೊಳಗಿನ ಮಕ್ಕಳು ಮಿಸುಕುತ್ತಲೇ ಇರಲಿಲ್ಲ. ಸೂರ್ಯಪ್ಪ ಬಂದು ಹೋಗುವ ಆ ಚೂರು ಹೊತ್ತಲ್ಲಿ ಅವಳ ಹಸಿರು ಮೈ ಅರ್ಧವೂ ಕಾಯುತ್ತಿರಲಿಲ್ಲ.

ಒಂದು ಬೆಳಗ್ಗೆ ಪೊದೆಯಿಂದ ಜಾರಿ ಎರಡು ಕಲ್ಲುಗಳ ಮೇಲೆ ಬಿದ್ದಳು. ಮುಂಗಾಲು ಬಿದ್ದಿದ್ದು ಬಿಳಿ ಕಲ್ಲಿನ ಮೇಲೆ, ಹೊಟ್ಟೆ ಬಿದ್ದಿದ್ದು ಕರಿ ಕಲ್ಲಿನ ಮೇಲೆ. ಕಾಲಿಗೆ ಕೊರೆಯುವ ಚಳಿ, ಹೊಟ್ಟೆಗೆ ಹಾಯ್ ಅನ್ನುವಂಥ ಬಿಸಿ!

"ಕರಿ ಕಲ್ಲಣ್ಣಾ, ನೀನು ಇಷ್ಟು ಬೇಗ ಹೇಗೆ ಬೆಚ್ಚಗಾದೆ?" ಅಂತ ಕೇಳಿದಳು.

"ನಾನೇನು ಮಾಡಿದೆ? ಕಪ್ಪಗಿದ್ದೇನೆ, ಅಷ್ಟೇ," ಅಂದ ಕಲ್ಲಣ್ಣ. "ಬಿಸಿಲು ಬಿಳಿ ಕಲ್ಲಿನ ಮೈ ಮೇಲೆ ಜಾರಿಹೋಗುತ್ತೆ. ನನ್ನೊಳಕ್ಕೆ ಬರುತ್ತೆ."

ನ್ಯೋಂಗಿ ತನ್ನ ಹಸಿರು ಮೈ ನೋಡಿಕೊಂಡಳು. ಕಪ್ಪಗಾಗೋಕೆ ಅವಳಿಗೂ ಬರುತ್ತಿತ್ತು. ಗೋಸುಂಬೆಗಳಿಗೆಲ್ಲ ಬರುತ್ತೆ. ಆದರೆ ಕಪ್ಪು ಯಾರ ಬಣ್ಣ ಗೊತ್ತಾ? ಸೋತವರ ಬಣ್ಣ. ಎರಡು ಗೋಸುಂಬೆ ಜಗಳ ಆಡಿ ಒಂದು ಸೋತರೆ, ಅದು ಕಪ್ಪಗಾಗಿ ತಲೆ ತಗ್ಗಿಸಿಕೊಂಡು ಪೊದೆಯ ಬುಡಕ್ಕೆ ಇಳಿದುಹೋಗುತ್ತಿತ್ತು. ಕಪ್ಪಗಾಗಿ ಎಲ್ಲರ ಕಣ್ಣೆದುರು ಪೊದೆಯ ತುದಿಯಲ್ಲಿ ಕೂರುವುದು ಅಂದರೆ ಮೈ ಮೇಲೆಲ್ಲ ಮಸಿ ಬಳಿದುಕೊಂಡು ಸಂತೆಗೆ ಹೋದ ಹಾಗೆ. ಮಾನ ಇರುವವರು ಯಾರೂ ಮಾಡುವ ಕೆಲಸ ಅಲ್ಲ.

ಹಾಗಂತ ಅವಳೂ ಬಲ್ಲಳು. ಆದರೂ ಮರುದಿನ ಬೆಳಗ್ಗೆ ಸೂರ್ಯಪ್ಪ ಮುಖ ತೋರಿಸುವ ಮೊದಲೇ ಮೆಲ್ಲಗೆ ತುದಿಗೆ ಹತ್ತಿದಳು. ಹೊಟ್ಟೆಯ ಪಕ್ಕವನ್ನು ಬಿಸಿಲಿಗೆ ತಿರುಗಿಸಿದಳು. ಒಂದು ಸಲ ಉಸಿರೆಳೆದುಕೊಂಡು ಕಪ್ಪಗಾದಳು.

ಸುತ್ತಲಿನ ಪೊದೆಗಳೆಲ್ಲ ಕಿಸಕ್ಕನೆ ನಕ್ಕವು. "ಯಾರ ಹತ್ತಿರ ಸೋತೆಯೇ ನ್ಯೋಂಗೀ?" "ಸೋತವರು ಕೆಳಗಿಳಿಯಬೇಕಮ್ಮಾ, ದಾರಿ ಮರೆತೆಯಾ?" "ಕರಿಮೂತಿ!" ಅವಳಿಗೆ ನಾಚಿಕೆ ಆಗಲಿಲ್ಲ ಅಂದುಕೊಳ್ಳಬೇಡ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆದರೆ ಬಿಸಿ ಚರ್ಮ ದಾಟಿ ಒಳಗೆ ಇಳಿಯಿತು. ಇಳಿದು ಇಳಿದು ಹೊಟ್ಟೆ ಮುಟ್ಟಿತು. ಒಳಗೆ ಯಾರೋ ಪುಟ್ಟದಾಗಿ ಮಿಸುಕಿದರು. ಆಮೇಲೆ ಊರೆಲ್ಲ ನಕ್ಕರೂ ಅವಳಿಗೆ ಕೇಳಿಸಲಿಲ್ಲ.

ದಿನಾ ಹಾಗೇ. ಬೆಳಗ್ಗೆ ಕಪ್ಪು, ಮೈ ಕಾದ ಮೇಲೆ ಹಸಿರು. ಬೆಳಗ್ಗೆ ಕಪ್ಪು, ಮೈ ಕಾದ ಮೇಲೆ ಹಸಿರು.

ಆಮೇಲೆ ಒಂದು ಬೆಳಗ್ಗೆ ಬಂತು. ಅಂಥ ಚಳಿ ಅದಕ್ಕೆ ಮುಂಚೆ ಬಿದ್ದಿರಲಿಲ್ಲ. ಎಲೆಗಳ ಅಂಚಿಗೆಲ್ಲ ಬಿಳಿ ಹೆಪ್ಪು. ನ್ಯೋಂಗಿ ಹೇಗೋ ಕಾಲೆಳೆದುಕೊಂಡು ತುದಿ ತಲುಪಿದಳು, ಕಪ್ಪಗಾದಳು, ಕಾದಳು. ಒಳಗೆ ಮಿಸುಕಾಟ ಇಲ್ಲ. ಇನ್ನಷ್ಟು ಕಾದಳು. ಇಲ್ಲ. "ಏಳ್ರೋ ಮಕ್ಕಳೇ, ಬೆಳಗಾಯಿತು," ಅಂದಳು. ಇಲ್ಲ.

ಅಷ್ಟರಲ್ಲಿ ಎದುರಿನ ಮುಳ್ಳುಗಿಡದ ಮೇಲೆ ಕಟುಕ ಹಕ್ಕಿ ಬಂದು ಕೂತಿತು. ಅದು ಹಿಡಿದದ್ದನ್ನು ಮುಳ್ಳಿಗೆ ಚುಚ್ಚಿಟ್ಟು ತಿನ್ನುತ್ತೆ, ಅದಕ್ಕೇ ಆ ಹೆಸರು. ಹೆದರಬೇಡ, ನನ್ನ ಕೈ ಹಿಡಿದುಕೋ. ಹಕ್ಕಿ ಕತ್ತು ಓರೆ ಮಾಡಿ ನೋಡಿತು. ಬಿಳಿ ಹೆಪ್ಪಿನ ನಡುವೆ ಕರ್ರಗೆ ಒಂದು ಗೋಸುಂಬೆ. ಕುರುಡರಿಗೂ ಕಾಣುವ ಹಾಗೆ ಕೂತಿದ್ದಳು.

ನ್ಯೋಂಗಿ ಏನು ಮಾಡಬೇಕು ಹೇಳು? ಕೈ ಬಿಟ್ಟು ಪೊದೆಯೊಳಗೆ ಬಿದ್ದುಬಿಟ್ಟರೆ ಅವಳ ಜೀವ ಉಳಿಯುತ್ತೆ. ಆದರೆ ಒಳಗೆ ನೆರಳು, ಚಳಿ. ಮತ್ತೆ ಇಷ್ಟೆತ್ತರ ಹತ್ತಿ ಬರುವಷ್ಟರಲ್ಲಿ ಸೂರ್ಯಪ್ಪ ಹೋಗಿರುತ್ತಾನೆ. ಮಕ್ಕಳು ಮಿಸುಕುತ್ತಿಲ್ಲ. ಇವತ್ತಿನ ಬಿಸಿಲು ತಪ್ಪಿದರೆ ಮತ್ತೆ ಮಿಸುಕುವುದೂ ಇಲ್ಲ.

ಒಂದು ಕಣ್ಣು ಹಕ್ಕಿಯ ಮೇಲೆ ಇಟ್ಟಳು, ಒಂದು ಕಣ್ಣು ಸೂರ್ಯಪ್ಪನ ಮೇಲೆ ಇಟ್ಟಳು. "ನಾನು ಇಳಿಯೋದಿಲ್ಲ," ಅಂದಳು.

ಆ ಮಾತು ಗಾಳಿಗೆ ಕೇಳಿಸಿತು. ಗಾಳಿ ಎಲ್ಲರ ಮಾತಿಗೂ ಕಿವಿ ಕೊಡುವವಳು, ಗೊತ್ತಲ್ಲ. ಹತ್ತಿರ ಬಂದು ಪಿಸುಗುಟ್ಟಿದಳು. "ಅಯ್ಯೋ ಹುಚ್ಚೀ, ಇಳಿಯದಿದ್ದರೆ ಬೇಡ. ಹಾಗೆ ಕಲ್ಲಿನ ಹಾಗೆ ಕೂರಬೇಡ. ನಾನು ಬೀಸಿದಾಗ ಎಲೆಗಳೆಲ್ಲ ಆಡುತ್ತವೆ, ನೀನೊಬ್ಬಳೇ ಆಡುವುದಿಲ್ಲ. ಅದಕ್ಕೇ ಹಕ್ಕಿ ನಿನ್ನನ್ನೇ ನೋಡುತ್ತಿದೆ. ನಾನು ಮುಂದೆ ತೂಗಿದರೆ ಮುಂದೆ ಬಾ, ಹಿಂದೆ ತೂಗಿದರೆ ಹಿಂದೆ ಹೋಗು."

ಗಾಳಿ ಬೀಸಿದಳು. ನ್ಯೋಂಗಿ ತೂಗಿದಳು. ಮುಂದೆ, ಹಿಂದೆ. ಮುಂದೆ, ಹಿಂದೆ. ಚಳಿಗೆ ಸುಟ್ಟು ಕರಕಾದ ಹಳೇ ಎಲೆಯ ಹಾಗೆ.

ಹಕ್ಕಿ ಹಾರಿ ಬಂದು ಅದೇ ಕೊಂಬೆಯ ಮೇಲೆ ಕೂತಿತು! ಕೊಂಬೆ ಬಗ್ಗಿತು. ನ್ಯೋಂಗಿಗೆ ಅದರ ಕೊಕ್ಕಿನ ಕೊಂಕು ಕಂಡಿತು, ಉಸಿರಿನ ಸದ್ದು ಕೇಳಿತು. ಮುಂದೆ, ಹಿಂದೆ. ಮುಂದೆ, ಹಿಂದೆ. ಹಕ್ಕಿ ಒಂದು ಹೆಜ್ಜೆ ಹತ್ತಿರ ಬಂತು, ನೋಡಿತು, ಇನ್ನೊಂದು ಹೆಜ್ಜೆ ಬಂತು. ಆಗಲೇ ಅವಳ ಹೊಟ್ಟೆಯೊಳಗೆ ಒಂದು ಪುಟ್ಟ ಕಾಲು ಒದೆಯಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲರೂ! ಅವಳಿಗೆ ಕುಣಿಯಬೇಕು ಅನ್ನಿಸಿತು, ಕಿರುಚಬೇಕು ಅನ್ನಿಸಿತು. ಆದರೂ ಎಲೆಯ ಹಾಗೆ ತೂಗುತ್ತಲೇ ಇದ್ದಳು.

"ಥೂ, ಒಣಗಿದೆಲೆ," ಅಂತ ಬೈದುಕೊಂಡು ಹಕ್ಕಿ ಹಾರಿಹೋಯಿತು.

ಅಬ್ಬಾ! ಈಗ ಉಸಿರು ಬಿಡು. ನೀನೂ ಬಿಗಿಹಿಡಿದಿದ್ದೆ ಅಂತ ಕಾಣುತ್ತೆ.

ಹೆರಿಗೆಯ ದಿನ ಬಂದಾಗ ನ್ಯೋಂಗಿ ಕೊಂಬೆಯ ಮೇಲೇ ಹೆತ್ತಳು. ಮಕ್ಕಳು ಒಂದೊಂದಾಗಿ ತೆಳ್ಳನೆಯ ಪೊರೆಯೊಳಗೆ ಸುತ್ತಿಕೊಂಡು ಬಂದವು, ಎಲೆಗೆ ಅಂಟಿಕೊಂಡವು, ಪೊರೆ ಹರಿದುಕೊಂಡು ಹೊರಗೆ ಬಂದವು. ನಿನ್ನ ಕಿರುಬೆರಳಿನಷ್ಟೂ ಇಲ್ಲ, ಆದರೆ ಕಣ್ಣು, ಬಾಲ, ಮೂಗಿನ ಮೇಲೆ ಸಾಸಿವೆಯಷ್ಟು ಕೊಂಬು, ಎಲ್ಲ ಇತ್ತು. ನ್ಯೋಂಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಬೆಟ್ಟದಲ್ಲಿ ತನ್ನ ಮಕ್ಕಳ ಮುಖ ನೋಡಿದ ಮೊದಲ ಗೋಸುಂಬೆ ತಾಯಿ ಅವಳೇ.

ಸುದ್ದಿ ಕೇಳಿ ಎಲ್ಲರೂ ಬಂದರು. ನಕ್ಕವರೂ ಬಂದರು. ಎಲ್ಲರ ಹಿಂದೆ ಕೊಂಬಜ್ಜಿ ಬಂದಳು. ಒಂದು ಮರಿ ತೂರಾಡಿಕೊಂಡು ಅವಳ ಪಾದದ ಮೇಲೆಯೇ ಹತ್ತಿತು. ಅಜ್ಜಿ ಅಲುಗಲಿಲ್ಲ.

"ಇದು ಯಾರದು?" ಅಂತ ಕೇಳಿದಳು.

"ನನ್ನದು ಅಜ್ಜೀ."

"ನಿನ್ನದು ಅಂತ ನಿನಗೆ ಗೊತ್ತು," ಅಂದಳು ಕೊಂಬಜ್ಜಿ. "ನಾನು ಎಷ್ಟು ಗುಂಡಿ ತೋಡಿದೆ, ಎಷ್ಟು ಮುಚ್ಚಿದೆ ನ್ಯೋಂಗೀ. ಒಂದರ ಮುಖವನ್ನೂ ನೋಡಲಿಲ್ಲ ಕಣೇ." ಅಷ್ಟು ಹೇಳಿ ಎಲ್ಲರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು. ಮರಿ ಅವಳ ಕಾಲು ಬಿಡಲಿಲ್ಲ.

ಆ ವಯಸ್ಸಿನಲ್ಲೂ ಕೊಂಬಜ್ಜಿಯ ಹೊಟ್ಟೆಯಲ್ಲಿ ಕೊನೆಯ ಮೊಟ್ಟೆಗಳು ಇದ್ದವು. ಮರುದಿನ ಬೆಳಗ್ಗೆ ಅವಳು ನಡುಗುತ್ತಾ ನಡುಗುತ್ತಾ ಪೊದೆಯ ತುದಿಗೆ ಹತ್ತಿದಳು. ನ್ಯೋಂಗಿಯ ಪಕ್ಕದಲ್ಲಿ ಕೂತಳು, ಹೊಟ್ಟೆಯನ್ನು ಬಿಸಿಲಿಗೆ ತಿರುಗಿಸಿದಳು. ಎಲ್ಲರೂ ನೋಡುತ್ತಿದ್ದ ಹಾಗೆ ತಲೆಯಿಂದ ಬಾಲದವರೆಗೆ ಕಪ್ಪಗಾದಳು. ಆವತ್ತು ಯಾವ ಪೊದೆಯೂ ನಗಲಿಲ್ಲ. ಮೆಲ್ಲಗೆ ಒಬ್ಬಳು ಮೇಲೆ ಬಂದಳು, ಇನ್ನೊಬ್ಬಳು ಬಂದಳು, ಆಮೇಲೆ ಎಲ್ಲರೂ ಬಂದರು.

ನ್ಯೋಂಗಿಯ ಮಕ್ಕಳು ಏನಾದರು ಅಂತೀಯಾ? ಗೋಸುಂಬೆ ಮಕ್ಕಳು ತಾಯಿಯ ಸೆರಗು ಹಿಡಿದು ಕೂರುವುದಿಲ್ಲ. ಮೈ ಒಣಗುತ್ತಿದ್ದ ಹಾಗೆ ತಮ್ಮ ತಮ್ಮ ಪೊದೆ ಹುಡುಕಿಕೊಂಡು ಹೊರಟವು. ನ್ಯೋಂಗಿ ತಡೆಯಲಿಲ್ಲ. ಅವಳಿಗೆ ಸಂಕಟ ಆಯಿತು, ಆದರೂ ತಡೆಯಲಿಲ್ಲ. ಮುಂದೆ, ಹಿಂದೆ ತೂಗುತ್ತಾ, ಅಮ್ಮನ ಹೊಟ್ಟೆಯಲ್ಲೇ ಕಲಿತ ನಡಿಗೆಯಲ್ಲಿ ಒಂದೊಂದೇ ಹೋದವು. ಹೋಗುವಾಗ ಪ್ರತಿಯೊಂದು ಮರಿಯೂ ಒಂದು ಕಣ್ಣನ್ನು ದಾರಿಯ ಮೇಲೆ ಇಟ್ಟು, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ಅಮ್ಮನನ್ನೇ ನೋಡುತ್ತಾ ಹೋಯಿತು. ಅದನ್ನು ಬೇಡ ಅನ್ನುವವರು ಆ ಬೆಟ್ಟದಲ್ಲಿ ಆಮೇಲೆ ಯಾರೂ ಇರಲಿಲ್ಲ.

ನಮ್ಮೂರ ಕಡೆ ಮಾತು ಬದಲಾಯಿಸುವವರನ್ನೆಲ್ಲ ಗೋಸುಂಬೆ ಅಂತ ಬೈಯುತ್ತಾರೆ. ನಾನೂ ಬೈಯುತ್ತಿದ್ದೆ. ಈ ಬೇಲಿ ನೋಡಿದ ಮೇಲೆ ಹಾಗೆ ಬೈಯೋಕೆ ಬಾಯಿ ಬರುವುದಿಲ್ಲ ಪುಟ್ಟೀ.

ಅಗೋ, ಮಸೆಯುವ ಸದ್ದು ನಿಂತಿತು. ಗಿಚೂಕಿ ಮಾಮ ಬಂದ. ಏನು ಹೇಳುತ್ತೀಯೋ ನೀನೇ ಹೇಳು, ನಾನು ಮಧ್ಯೆ ಬರಲ್ಲ.

"ಮಾಮಾ, ಗೇಟ್ ಕಡೆಯಿಂದ ಶುರು ಮಾಡು. ಈ ಕಡೆ ಮಧ್ಯಾಹ್ನ ಮಾಡು. ಅವಳ ಹೊಟ್ಟೆಯಲ್ಲಿ ಪಾಪು ಇದ್ದರೆ?"

ನೋಡಿದೆಯಾ, ಕತ್ತರಿ ಹಿಡಿದುಕೊಂಡು ಗೇಟ್ ಕಡೆ ಹೋದ. ಅವನಿಗೂ ನಿರಾಳ ಆಯಿತು ಅಂತ ಕಾಣುತ್ತೆ. ಆ ಕೋಲನ್ನು ತೆಗೆದುಕೊಂಡು ಹೋಗಿ ಒಲೆಗೆ ಹಾಕು. ಟೀ ಆರಿತು, ಈಗ ಕುಡಿ.

ಶ್, ಅಲ್ಲಿ ನೋಡು, ಬಿಸಿಲು ಬಿದ್ದ ಪಕ್ಕದಿಂದ ಮೆಲ್ಲಗೆ ಹಸಿರಾಗುತ್ತಿದ್ದಾಳೆ. ಇವತ್ತಿಗೂ ಈ ಬೆಟ್ಟದ ಗೋಸುಂಬೆ ಮಣ್ಣಲ್ಲಿ ಮೊಟ್ಟೆ ಇಡದೆ ಹೊಟ್ಟೆಯಲ್ಲೇ ಮಕ್ಕಳನ್ನು ಹೊತ್ತು, ಬೆಳಬೆಳಗ್ಗೆ ಬೇಲಿಯ ತುದಿಗೆ ಹತ್ತಿ ಕಪ್ಪಗಾಗಿ ಕೂರುವುದು ಅದಕ್ಕೇ, ಮತ್ತು ನೀನು ಕಂಡಾಗಲೆಲ್ಲ ಅವಳ ಒಂದು ಕಣ್ಣು ಮುಂದಿದ್ದರೆ ಇನ್ನೊಂದು ಕಣ್ಣು ಹಿಂದೆ ತಿರುಗಿರುವುದೂ ಅದಕ್ಕೇ.